ಬಚ್ಚಲ ಕಣಿಯ ಸುಗಂಧಿ

ಪೆರ್ಡೂರಿನ ಕಡೆಯ ಹಳೆಯ ಮನೆಗಳ ಹಿತ್ತಿಲಲ್ಲಿ, ಬಚ್ಚಲ ನೀರು ಹರಿಯುವ ಕಣಿಯ ಮಗ್ಗುಲಿಗೆ, ಸದಾ ಒದ್ದೆಯಾದ ತುಂಡು ನೆಲವೊಂದು ಇರುತ್ತದೆ. ಅದನ್ನು ಕೆಸುವಿಗೂ ಸೊಳ್ಳೆಗೂ ಬಿಟ್ಟುಕೊಡುವವರೇ ಹೆಚ್ಚು. ನಾನೊಮ್ಮೆ ಆಸೆಪಟ್ಟು ಅಲ್ಲಿ ಶಂಕರಪುರದ ಮಲ್ಲಿಗೆ ನೆಟ್ಟೆ. ಆಟಿಯ ಮಳೆ ಮುಗಿಯುವಷ್ಟರಲ್ಲಿ ಬೇರು ಕೊಳೆತು ಒಂದೂ ಉಳಿಯಲಿಲ್ಲ. ತಪ್ಪು ಗಿಡದ್ದಲ್ಲ, ನೀರು ನಿಲ್ಲುವ ಮಣ್ಣು ಮಲ್ಲಿಗೆಗೆ ಒಗ್ಗದು.

ಅಂಥ ನೆಲಕ್ಕೆ ಹೇಳಿಸಿದ ಗಿಡ ಸುಗಂಧಿ. ಸುರುಳಿ ಸುಗಂಧಿಯೆಂದೂ ಕರೆಯುವುದುಂಟು. ಶೀತದೇಶದವರು ತೊರೆಯ ದಂಡೆಗೆ ಪ್ರಿಮುಲಾ ಎಂಬ ಹೂಗಿಡವನ್ನು ನೆಡುತ್ತಾರೆ. ಅದಕ್ಕೆ ನಮ್ಮ ಸೆಕೆ ತಡೆಯದು. ಸುಗಂಧಿಯಾದರೋ ಶುಂಠಿ, ಅರಸಿನಗಳ ಕುಲದ್ದು. ಬಿಳಿಯ ಚಿಟ್ಟೆಯಂತಿರುವ ಇದರ ಹೂವು ಸಂಜೆಗೆ ಅರಳಿ ಪರಿಮಳ ಬೀರುತ್ತದೆ. ದೂರದ ಕ್ಯೂಬಾ ದೇಶದವರು ಇದನ್ನೇ ತಮ್ಮ ರಾಷ್ಟ್ರಪುಷ್ಪವಾಗಿ ಆರಿಸಿಕೊಂಡಿದ್ದಾರೆ. ಹೆಸರು ಕೇಳಿ, ಭೀಮಸೇನನು ದ್ರೌಪದಿಗಾಗಿ ತಂದ ಸೌಗಂಧಿಕ ಇದೇ ಎನ್ನಬೇಡಿ. ಅಮರಕೋಶವು ಸೌಗಂಧಿಕವನ್ನು ನೀರಿನ ಹೂಗಳ ಸಾಲಿನಲ್ಲಿ ಹೇಳುತ್ತದೆ. ತರಗತಿಯಲ್ಲಿ ಈ ಪ್ರಶ್ನೆ ಬಂದಾಗಲೆಲ್ಲ ನಾನು ಮಕ್ಕಳನ್ನು ಸ್ವಲ್ಪ ನಿರಾಶೆಗೊಳಿಸಿದ್ದೇನೆ.

ನೆಡಲು ಬೀಜ ಬೇಡ. ಬೇಸಗೆಯ ಕೊನೆಗೆ, ಮೊದಲ ಮಳೆಗೆ ಮುನ್ನ, ಎರಡು ಮೂರು ಕಣ್ಣುಗಳಿರುವ ಗೆಡ್ಡೆಯ ತುಂಡುಗಳನ್ನು ಒಂದೂವರೆ ಅಡಿಗೆ ಒಂದರಂತೆ ಇಡಬೇಕು. ಆಳ ಎರಡು ಅಂಗುಲ ಸಾಕು; ಇದರ ಗೆಡ್ಡೆ ಮೇಲುಮಣ್ಣಿನಲ್ಲೇ ಹರಡುವಂಥದು. ಸುಡುಮಣ್ಣು, ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಬೆರೆಸಿದರೆ ಒಳಿತು. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಇದಕ್ಕೆ ಹಿತ. ಒದ್ದೆ ಬೇಕೆಂದರೆ ಕೊಳೆತ ನೀರು ಬೇಕೆಂದಲ್ಲ: ಕಣಿಯಲ್ಲಿ ನೀರು ಮೆಲ್ಲನೆ ಸರಿಯುತ್ತಿರಲಿ, ಸೊಳ್ಳೆಯ ಕಾಟವೂ ತಗ್ಗುತ್ತದೆ. ಮಾರ್ಚ್, ಏಪ್ರಿಲ್‌ಗಳಲ್ಲಿ ಮಾತ್ರ ಮರೆಯದೆ ನೀರು ಹಾಕಬೇಕು; ತಪ್ಪಿದರೆ ಎಲೆಯ ತುದಿ ಕರಟುತ್ತದೆ.

ಒಂದು ಎಚ್ಚರಿಕೆ ಹೇಳಲೇಬೇಕು. ಮಿಕ್ಕ ಗೆಡ್ಡೆಯನ್ನು ತೋಡಿಗೆ ಎಸೆಯಬೇಡಿ. ಹವಾಯಿ, ಬ್ರೆಜಿಲ್‌ಗಳಲ್ಲಿ ತೋಟದಿಂದ ತಪ್ಪಿಸಿಕೊಂಡ ಸುಗಂಧಿ ಹಳ್ಳದ ದಂಡೆಗಳನ್ನೆಲ್ಲ ಆಕ್ರಮಿಸಿ, ಅಲ್ಲಿಯ ಸ್ವಂತ ಗಿಡಗಳಿಗೆ ಜಾಗವಿಲ್ಲದಂತೆ ಮಾಡಿದೆ. ನಮ್ಮಲ್ಲಿಯೂ ಅಡಕೆ ತೋಟದ ಕಣಿಗೆ ಬಿದ್ದರೆ ಗೆಡ್ಡೆ ಹೆಣೆದುಕೊಂಡು ನೀರಿನ ದಾರಿಯನ್ನೇ ಕಟ್ಟೀತು. ಹಿಂಡಿಲು ದಟ್ಟವಾದಾಗ ಅಗೆದು ನೆರೆಮನೆಗೆ ಕೊಡಿ.

ಒಂದು ದಂಟು ಹೂ ಬಿಡುವುದು ಒಂದೇ ಬಾರಿ. ಹೂ ಮುಗಿದ ಮೇಲೆ ಅದನ್ನು ಬುಡಕ್ಕೆ ಕೊಯ್ದರೆ ಪಕ್ಕದ ಮೊಳಕೆಗೆ ಬೆಳಕು ಸಿಗುತ್ತದೆ.