ಸೂಪರ್‌ಮ್ಯಾನ್‌ನ ದೈಹಿಕ ಬಲದ ಮಿತಿಗಳು

ಸೂಪರ್‌ಮ್ಯಾನ್ ಅಮೆರಿಕದ ಡಿಸಿ ಕಾಮಿಕ್ಸ್ ಸಂಸ್ಥೆ ಪ್ರಕಟಿಸುವ ಚಿತ್ರಕಥೆಗಳ ನಾಯಕ. ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಸೃಷ್ಟಿಸಿದ ಈ ಪಾತ್ರವು 1938ರ ಜೂನ್ ದಿನಾಂಕವುಳ್ಳ 'ಆ್ಯಕ್ಷನ್ ಕಾಮಿಕ್ಸ್'ನ ಮೊದಲ ಸಂಚಿಕೆಯಲ್ಲಿ ಕಾಣಿಸಿಕೊಂಡಿತು. ಅಸಾಧಾರಣ ದೈಹಿಕ ಬಲವು ಈ ಪಾತ್ರದ ಮುಖ್ಯ ಲಕ್ಷಣವಾಗಿದೆ. ಆದರೆ ಆ ಬಲದ ಪ್ರಮಾಣವು ಎಂದೂ ಸ್ಥಿರವಾಗಿ ಉಳಿದಿಲ್ಲ. ಕಾಲ, ಲೇಖಕ ಮತ್ತು ಮಾಧ್ಯಮಗಳಿಗೆ ಅನುಗುಣವಾಗಿ ಅದು ಮೋಟಾರು ಕಾರನ್ನು ಎತ್ತುವುದರಿಂದ ಹಿಡಿದು ಗ್ರಹಗಳನ್ನು ಸರಿಸುವವರೆಗೂ ಬದಲಾಗಿದೆ.

ಆರಂಭಿಕ ಸ್ವರೂಪ

ಮೊದಲ ಸಂಚಿಕೆಯ ಮುಖಪುಟದಲ್ಲಿ ಸೂಪರ್‌ಮ್ಯಾನ್ ಹಸಿರು ಬಣ್ಣದ ಕಾರೊಂದನ್ನು ತಲೆಯ ಮೇಲೆತ್ತಿ ಬಂಡೆಗೆ ಅಪ್ಪಳಿಸುತ್ತಿರುವ ಚಿತ್ರವಿದೆ. ಒಳಪುಟದಲ್ಲಿ ಅವನ ಸಾಮರ್ಥ್ಯದ ಎಲ್ಲೆಗಳನ್ನು ಸ್ಪಷ್ಟವಾಗಿ ಹೇಳಲಾಗಿತ್ತು. ಅವನು ಮೈಲಿಯ ಎಂಟನೆಯ ಒಂದು ಭಾಗ, ಅಂದರೆ ಸುಮಾರು 200 ಮೀಟರ್ ಜಿಗಿಯಬಲ್ಲನು. ಇಪ್ಪತ್ತು ಅಂತಸ್ತಿನ ಕಟ್ಟಡವನ್ನು ದಾಟಬಲ್ಲನು. ವೇಗದ ರೈಲನ್ನು ಹಿಂದಿಕ್ಕಬಲ್ಲನು. ಸಿಡಿಯುವ ಫಿರಂಗಿ ಗುಂಡಿಗಿಂತ ಕಡಿಮೆಯದಾದ ಯಾವುದೂ ಅವನ ಚರ್ಮವನ್ನು ಭೇದಿಸಲಾರದು. ಆಗ ಅವನಿಗೆ ಹಾರುವ ಶಕ್ತಿ ಇರಲಿಲ್ಲ.

ಈ ಬಲಕ್ಕೆ ಸೀಗಲ್ ಅವರು ಜೀವವಿಜ್ಞಾನದ ಸಮರ್ಥನೆಯನ್ನು ನೀಡಿದರು. ಅವನ ಜನ್ಮಗ್ರಹದ ನಿವಾಸಿಗಳು ವಿಕಾಸದಲ್ಲಿ ಮನುಷ್ಯರಿಗಿಂತ ಬಹಳ ಮುಂದಿದ್ದರೆಂದೂ, ತನ್ನ ತೂಕದ ನೂರಾರು ಪಟ್ಟು ಭಾರ ಹೊರುವ ಇರುವೆ ಹಾಗೂ ದೂರ ಜಿಗಿಯುವ ಮಿಡತೆಗಳೇ ಇದಕ್ಕೆ ಸಾಕ್ಷಿಯೆಂದೂ ಕಥೆಯಲ್ಲಿ ಹೇಳಲಾಯಿತು. 1939ರ 'ಸೂಪರ್‌ಮ್ಯಾನ್' ಮೊದಲ ಸಂಚಿಕೆಯು ಮತ್ತೊಂದು ಕಾರಣವನ್ನು ಸೇರಿಸಿತು: ಅವನ ಸ್ನಾಯುಗಳಿಗೆ ಭೂಮಿಯ ದುರ್ಬಲ ಗುರುತ್ವಾಕರ್ಷಣೆಯೂ ನೆರವಾಗುತ್ತದೆ.

ಬಲದ ವಿಸ್ತರಣೆ

1940ರ ದಶಕದಲ್ಲಿ ರೇಡಿಯೊ ಧಾರಾವಾಹಿ ಮತ್ತು ಫ್ಲೈಷರ್ ಸ್ಟುಡಿಯೋದ ಅನಿಮೇಷನ್ ಚಿತ್ರಗಳ ಮೂಲಕ ಜಿಗಿತವು ಹಾರಾಟವಾಗಿ ಮಾರ್ಪಟ್ಟಿತು. ಮುಂದಿನ ಎರಡು ದಶಕಗಳಲ್ಲಿ, ವಿಶೇಷವಾಗಿ ಮಾರ್ಟ್ ವೈಸಿಂಜರ್ ಅವರ ಸಂಪಾದಕತ್ವದಲ್ಲಿ, ಸೂಪರ್‌ಮ್ಯಾನ್ ಗ್ರಹಗಳನ್ನೇ ಕಕ್ಷೆಯಿಂದ ಸರಿಸುವಷ್ಟು ಬಲಶಾಲಿಯಾದನು. ಗುರುತ್ವಾಕರ್ಷಣೆಯ ವ್ಯತ್ಯಾಸವೊಂದರಿಂದಲೇ ಇಂತಹ ಬಲವನ್ನಾಗಲಿ, ದೃಷ್ಟಿಯಿಂದ ಶಾಖ ಹೊಮ್ಮಿಸುವಂತಹ ಶಕ್ತಿಗಳನ್ನಾಗಲಿ ವಿವರಿಸಲು ಸಾಧ್ಯವಿರಲಿಲ್ಲ. ಆದ್ದರಿಂದ 1960ರ ದಶಕದ ಕಥೆಗಳಲ್ಲಿ ಹಳದಿ ಸೂರ್ಯನ ಕಿರಣಗಳೇ ಅವನ ಶಕ್ತಿಯ ಮೂಲವೆಂಬ ವಿವರಣೆ ನೆಲೆಗೊಂಡಿತು.

ಬಲದ ಹೆಚ್ಚಳದಿಂದ ಕಥನದ ಸಮಸ್ಯೆಯೊಂದು ಹುಟ್ಟಿಕೊಂಡಿತು. ಏನನ್ನಾದರೂ ಎತ್ತಬಲ್ಲ ನಾಯಕನಿಗೆ ಎದುರಾಗುವ ಅಪಾಯದಲ್ಲಿ ಓದುಗರಿಗೆ ಆತಂಕ ಉಳಿಯುವುದಿಲ್ಲ. ಮುಂದಿನ ಹಲವು ಬದಲಾವಣೆಗಳು ಈ ಸಮಸ್ಯೆಗೆ ಉತ್ತರ ಹುಡುಕುವ ಪ್ರಯತ್ನಗಳಾಗಿವೆ.

ಬಲವನ್ನು ತಗ್ಗಿಸುವ ಪ್ರಯತ್ನಗಳು

1971ರಲ್ಲಿ ಸಂಪಾದಕ ಜೂಲಿಯಸ್ ಶ್ವಾರ್ಟ್ಜ್ ಮತ್ತು ಲೇಖಕ ಡೆನಿ ಓನೀಲ್ ಅವರು 'ಸೂಪರ್‌ಮ್ಯಾನ್' 233ನೆಯ ಸಂಚಿಕೆಯಿಂದ ಹೊಸ ಕಥಾಸರಣಿಯನ್ನು ಆರಂಭಿಸಿದರು. ಇದರಲ್ಲಿ ಮರಳಿನಿಂದ ರೂಪುಗೊಂಡ ಜೀವಿಯೊಂದು ಸೂಪರ್‌ಮ್ಯಾನ್‌ನ ಶಕ್ತಿಯನ್ನು ಹೀರುತ್ತದೆ. ಕೊನೆಯಲ್ಲಿ ಕಳೆದುಕೊಂಡ ಶಕ್ತಿಯನ್ನು ಮರಳಿ ಪಡೆಯಲು ಅವಕಾಶವಿದ್ದರೂ, ಮಿತಿಮೀರಿದ ಬಲದ ಅಪಾಯವನ್ನು ಅರಿತ ಅವನು ಅದನ್ನು ನಿರಾಕರಿಸುತ್ತಾನೆ. ಆದರೆ ನಂತರದ ಲೇಖಕರು ಈ ಬದಲಾವಣೆಯನ್ನು ಕೈಬಿಟ್ಟರು.

1986ರಲ್ಲಿ ಜಾನ್ ಬರ್ನ್ ಅವರ 'ದಿ ಮ್ಯಾನ್ ಆಫ್ ಸ್ಟೀಲ್' ಪಾತ್ರವನ್ನು ಹೊಸದಾಗಿ ರೂಪಿಸಿತು. ಇದರಲ್ಲಿ ಅವನ ಶಕ್ತಿ ಬಾಲ್ಯದಿಂದಲೇ ಪೂರ್ಣವಾಗಿರದೆ ಹಂತಹಂತವಾಗಿ ಬೆಳೆಯುತ್ತದೆ. ಅವನ ದೇಹವು ಸೂರ್ಯನ ಶಕ್ತಿಯನ್ನು ಸಂಗ್ರಹಿಸುವ ಬ್ಯಾಟರಿಯಂತೆ ವರ್ತಿಸುತ್ತದೆ. ಗ್ರಹಗಳನ್ನು ಸರಿಸುವ ಸಾಮರ್ಥ್ಯ ಇಲ್ಲವಾಯಿತು; ಬಾಹ್ಯಾಕಾಶದಲ್ಲಿ ಅವನು ಉಸಿರು ಬಿಗಿಹಿಡಿಯಬೇಕಾಯಿತು. 1992ರ ನವೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದ 'ಸೂಪರ್‌ಮ್ಯಾನ್' 75ನೆಯ ಸಂಚಿಕೆಯಲ್ಲಿ ಡೂಮ್ಸ್‌ಡೇ ಎಂಬ ದೈತ್ಯನೊಡನೆ ಹೋರಾಡಿ ಅವನು ಸಾಯುತ್ತಾನೆ. ವಿಶೇಷ ಖನಿಜವಾಗಲಿ ಮಂತ್ರವಾಗಲಿ ಇಲ್ಲದೆ, ಕೇವಲ ಸಮಬಲದ ಹೊಡೆತಗಳಿಂದಲೇ ಅವನು ಮಡಿದದ್ದು ಈ ಕಥೆಯ ವಿಶೇಷ.

ಅಂಕಿಗಳಲ್ಲಿ ಬಲ

ಹೆಚ್ಚಿನ ಕಥೆಗಳು ಬಲವನ್ನು ಅಂಕಿಗಳಲ್ಲಿ ಹೇಳುವುದಿಲ್ಲ. ಎರಡು ಅಪವಾದಗಳು ಪ್ರಸಿದ್ಧವಾಗಿವೆ.

ಗ್ರಾಂಟ್ ಮಾರಿಸನ್ ಮತ್ತು ಫ್ರಾಂಕ್ ಕ್ವೈಟ್ಲಿ ಅವರ 'ಆಲ್-ಸ್ಟಾರ್ ಸೂಪರ್‌ಮ್ಯಾನ್' (2005–2008) ಕೃತಿಯಲ್ಲಿ ಅವನು 200 ಕ್ವಿಂಟಿಲಿಯನ್ ಟನ್, ಅಂದರೆ 2ರ ಮುಂದೆ 20 ಸೊನ್ನೆಗಳಷ್ಟು ಟನ್ ಭಾರವನ್ನು ಎತ್ತುತ್ತಾನೆ. ಇದು ಚಂದ್ರನ ದ್ರವ್ಯರಾಶಿಯ ಸುಮಾರು 2.7 ಪಟ್ಟು, ಭೂಮಿಯ ದ್ರವ್ಯರಾಶಿಯ ಮೂವತ್ತನೆಯ ಒಂದು ಭಾಗ. ಆದರೆ ಸೂರ್ಯನ ಸಮೀಪಕ್ಕೆ ಹೋಗಿ ಅತಿಯಾದ ಶಕ್ತಿಯನ್ನು ಹೀರಿಕೊಂಡದ್ದರಿಂದ ಈ ಬಲ ಬಂದಿದ್ದು, ಅದೇ ಕಾರಣದಿಂದ ಅವನ ಜೀವಕೋಶಗಳು ನಾಶವಾಗುತ್ತಿರುತ್ತವೆ. ಇಲ್ಲಿ ಬಲದ ಹೆಚ್ಚಳವೇ ಸಾವಿನ ಕಾರಣವಾಗಿದೆ.

2012ರಲ್ಲಿ ಪ್ರಕಟವಾದ 'ಸೂಪರ್‌ಮ್ಯಾನ್' 13ನೆಯ ಸಂಚಿಕೆಯಲ್ಲಿ ಅವನು ಪ್ರಯೋಗಾಲಯದ ಯಂತ್ರವೊಂದರಲ್ಲಿ ಭೂಮಿಯ ತೂಕಕ್ಕೆ ಸಮನಾದ ಭಾರವನ್ನು ಐದು ದಿನ ಎತ್ತುತ್ತಾನೆ. ಭೂಮಿಯ ದ್ರವ್ಯರಾಶಿ ಸುಮಾರು 5.97 ಸೆಕ್ಸ್‌ಟಿಲಿಯನ್ ಟನ್, ಅಂದರೆ 597ರ ಮುಂದೆ 19 ಸೊನ್ನೆಗಳು.

ಬಲವನ್ನು ಕುಂದಿಸುವ ಅಂಶಗಳು

* ಕ್ರಿಪ್ಟೊನೈಟ್: ನಾಶವಾದ ಕ್ರಿಪ್ಟಾನ್ ಗ್ರಹದ ಅವಶೇಷ. ಇದರ ವಿಕಿರಣವು ಅವನನ್ನು ಬಲಹೀನಗೊಳಿಸಿ ಕೊಲ್ಲಬಲ್ಲದು. ಸೀಗಲ್ ಅವರು 1940ರಲ್ಲೇ ಇಂತಹ ಲೋಹವುಳ್ಳ ಕಥೆ ಬರೆದಿದ್ದರೂ ಅದು ಆಗ ಪ್ರಕಟವಾಗಲಿಲ್ಲ. 1943ರಲ್ಲಿ ರೇಡಿಯೊದಲ್ಲಿಯೂ 1949ರಲ್ಲಿ ಚಿತ್ರಕಥೆಯಲ್ಲಿಯೂ ಕ್ರಿಪ್ಟೊನೈಟ್ ಬಳಕೆಗೆ ಬಂದಿತು. ಸೀಸದ ಹೊದಿಕೆ ಇದರ ವಿಕಿರಣವನ್ನು ತಡೆಯುತ್ತದೆ.
* ಕೆಂಪು ಸೂರ್ಯ: ಕೆಂಪು ಸೂರ್ಯನ ಬೆಳಕಿನಲ್ಲಿ ಅವನು ಸಾಮಾನ್ಯ ಮನುಷ್ಯನಂತಾಗುತ್ತಾನೆ.
* ಸೂರ್ಯನ ಬೆಳಕಿನ ಕೊರತೆ: ಫ್ರಾಂಕ್ ಮಿಲ್ಲರ್ ಅವರ 'ದಿ ಡಾರ್ಕ್ ನೈಟ್ ರಿಟರ್ನ್ಸ್' (1986) ಕೃತಿಯಲ್ಲಿ ಅಣುಸ್ಫೋಟದ ನಂತರ ಬಾಡಿಹೋದ ಅವನು ಸಸ್ಯಗಳಲ್ಲಿರುವ ಶಕ್ತಿಯನ್ನು ಹೀರಿ ಬದುಕುತ್ತಾನೆ.
* ಮಂತ್ರಶಕ್ತಿ: ಇದರ ವಿರುದ್ಧ ಅವನ ದೇಹಕ್ಕೆ ವಿಶೇಷ ರಕ್ಷಣೆಯಿಲ್ಲ.

ಭೌತಶಾಸ್ತ್ರದ ದೃಷ್ಟಿ

ಮಿನ್ನೆಸೋಟ ವಿಶ್ವವಿದ್ಯಾಲಯದ ಭೌತಶಾಸ್ತ್ರಜ್ಞ ಜೇಮ್ಸ್ ಕಕಾಲಿಯೋಸ್ ಅವರು ತಮ್ಮ 'ದಿ ಫಿಸಿಕ್ಸ್ ಆಫ್ ಸೂಪರ್‌ಹೀರೋಸ್' (2005) ಗ್ರಂಥದಲ್ಲಿ 1938ರ ಜಿಗಿತವನ್ನು ಲೆಕ್ಕಹಾಕಿದ್ದಾರೆ. 200 ಮೀಟರ್ ಎತ್ತರಕ್ಕೆ ನೆಗೆಯಲು ನೆಲ ಬಿಡುವಾಗ ಗಂಟೆಗೆ ಸುಮಾರು 225 ಕಿಲೋಮೀಟರ್ ವೇಗ ಬೇಕು. ಇದನ್ನು ಆಧರಿಸಿ ಕ್ರಿಪ್ಟಾನ್‌ನ ಗುರುತ್ವಾಕರ್ಷಣೆ ಭೂಮಿಯದರ ಸುಮಾರು 15 ಪಟ್ಟು ಇದ್ದಿರಬೇಕೆಂದು ಅವರು ಅಂದಾಜಿಸುತ್ತಾರೆ.

ಎತ್ತುವವನ ಬಲ ಎಷ್ಟೇ ಇದ್ದರೂ ಎತ್ತಲ್ಪಡುವ ವಸ್ತುವಿನ ಗಟ್ಟಿತನವು ಮತ್ತೊಂದು ಮಿತಿಯಾಗುತ್ತದೆ. 10,000 ಟನ್ ತೂಕದ ಹಡಗನ್ನು ಎರಡು ಅಂಗೈಗಳ ಮೇಲೆ, ಅಂದರೆ ಸುಮಾರು 300 ಚದರ ಸೆಂಟಿಮೀಟರ್ ಜಾಗದಲ್ಲಿ ಹೊತ್ತರೆ, ಅಲ್ಲಿ ಉಂಟಾಗುವ ಒತ್ತಡವು ಸಾಮಾನ್ಯ ಉಕ್ಕು ತಾಳಬಲ್ಲ ಒತ್ತಡದ ಹತ್ತು ಪಟ್ಟಿಗಿಂತ ಹೆಚ್ಚಾಗುತ್ತದೆ. ಹಡಗು ಮೇಲೇಳುವ ಬದಲು ಕೈಗಳೇ ಅದರ ತಳವನ್ನು ತೂತುಮಾಡಿ ಒಳನುಗ್ಗುತ್ತವೆ. ನಿಂತ ನೆಲವೂ ಅಷ್ಟೇ ಭಾರವನ್ನು ಪಾದಗಳ ಕೆಳಗೆ ತಾಳಬೇಕಾಗುತ್ತದೆ. 1986ರ ನಂತರದ ಕಥೆಗಳಲ್ಲಿ ಈ ತೊಡಕಿಗೆ ಉತ್ತರವಾಗಿ, ಅವನು ಮುಟ್ಟಿದ ವಸ್ತುವನ್ನು ಮನೋಬಲದಿಂದ ಇಡಿಯಾಗಿ ಹಿಡಿದಿಡುತ್ತಾನೆಂಬ ಕಲ್ಪನೆಯನ್ನು ತರಲಾಯಿತು.

ಸಂಯಮ ಎಂಬ ಮಿತಿ

ಸೂಪರ್‌ಮ್ಯಾನ್ ತನ್ನ ಪೂರ್ಣ ಬಲವನ್ನು ವಿರಳವಾಗಿ ಬಳಸುತ್ತಾನೆ. ಮನುಷ್ಯರ ನಡುವೆ ಬದುಕುವ ಅವನಿಗೆ ಹಸ್ತಲಾಘವ, ಬಾಗಿಲು ತೆರೆಯುವುದು ಮೊದಲಾದ ದಿನನಿತ್ಯದ ಕ್ರಿಯೆಗಳಲ್ಲೂ ಬಲವನ್ನು ಹಿಡಿತದಲ್ಲಿಡುವುದು ಅನಿವಾರ್ಯ. 'ಜಸ್ಟೀಸ್ ಲೀಗ್ ಅನ್‌ಲಿಮಿಟೆಡ್' ಅನಿಮೇಷನ್ ಸರಣಿಯ 2006ರ ಅಂತಿಮ ಕಂತಿನಲ್ಲಿ ಅವನು ಈ ನಿರಂತರ ಎಚ್ಚರವನ್ನು ಸ್ವತಃ ವಿವರಿಸಿ, ತನ್ನ ಹೊಡೆತವನ್ನು ತಾಳಬಲ್ಲ ಎದುರಾಳಿಯ ಮೇಲೆ ಮಾತ್ರ ಪೂರ್ಣ ಬಲವನ್ನು ಪ್ರಯೋಗಿಸುತ್ತಾನೆ. ಹೀಗೆ ಈ ಪಾತ್ರದ ಬಲಕ್ಕೆ ಲೇಖಕರು ಹಾಕಿದ ಹೊರಗಿನ ಎಲ್ಲೆಗಳು ಹಲವು ಬಾರಿ ಬದಲಾಗಿದ್ದರೂ, ಬಲವನ್ನು ಎಲ್ಲಿ ತಡೆಯಬೇಕೆಂದು ಅವನೇ ನಿರ್ಧರಿಸುವ ಗುಣವು ಹೆಚ್ಚಿನ ಆವೃತ್ತಿಗಳಲ್ಲಿ ಉಳಿದುಬಂದಿದೆ.