ನೆರೆ ನಕ್ಷೆಯ ಗೆರೆ ಹೊಲದ ಬದುವಲ್ಲ

ಮಲಪ್ರಭಾ ದಂಡೆಯ ಊರುಗಳು 2009ರಲ್ಲಿ ದೊಡ್ಡ ನೆರೆ ಕಂಡವು. ಹತ್ತೇ ವರ್ಷಕ್ಕೆ, 2019ರ ಆಗಸ್ಟ್‌ನಲ್ಲಿ, ಮತ್ತೆ ಕಂಡವು. ನೆರೆ ನಕ್ಷೆಗಳಲ್ಲಿ ‘ನೂರು ವರ್ಷದ ನೆರೆ’ ಎಂಬ ಮಾತಿರುತ್ತದೆ. ಅದು ನೂರು ವರ್ಷಕ್ಕೊಮ್ಮೆ ಮಾತ್ರ ಬರುತ್ತದೆಂದು ಅರ್ಥವಲ್ಲ. ಪ್ರತಿವರ್ಷವೂ ಬರುವ ಸಂಭವ ನೂರಕ್ಕೆ 1. 30 ವರ್ಷಗಳಲ್ಲಿ ಒಮ್ಮೆಯಾದರೂ ಬರುವ ಸಂಭವ ನೂರಕ್ಕೆ ಸುಮಾರು 26.

ಅಂಥ ನೆರೆ ಬಂದರೆ ನೀರು ಎಲ್ಲಿಯವರೆಗೆ ಏರೀತೆಂದು ನಕ್ಷೆಯಲ್ಲಿ ಗೆರೆ ಎಳೆದಿರುತ್ತಾರೆ. ಅದು ಅಂದಾಜಿನ ಗೆರೆ. ಹೊಳೆಯ ಹರಿವನ್ನು ಅಳೆದ ದಾಖಲೆ ಕೆಲವೇ ದಶಕಗಳದ್ದು. ಹೂಳು, ಒತ್ತುವರಿಗಳಿಂದ ಪಾತ್ರ ಬದಲಾಗುತ್ತದೆ. ಅಣೆಕಟ್ಟಿನಿಂದ ಬಿಡುವ ನೀರೂ ಪ್ರತಿಸಲ ಒಂದೇ ಅಲ್ಲ. 500 ಅಡಿಗೆ 1 ಅಡಿ ಇಳಿಜಾರಿರುವ ಎರೆಹೊಲದಲ್ಲಿ ನೀರಿನ ಮಟ್ಟದ ಲೆಕ್ಕ 1 ಅಡಿ ತಪ್ಪಿದರೆ ಗೆರೆ 500 ಅಡಿ ಸರಿಯುತ್ತದೆ.

ಆದ್ದರಿಂದ ಒಂದೇ ಗೆರೆಗಿಂತ, ಮುಳುಗುವುದು ಬಹುತೇಕ ಖಚಿತ, ಮುಳುಗಬಹುದು, ಮುಳುಗುವ ಸಂಭವ ಕಡಿಮೆ ಎಂದು ಮೂರು ಪಟ್ಟಿಗಳನ್ನು ತೋರಿಸುವ ನಕ್ಷೆ ರೈತರಿಗೆ ಹೆಚ್ಚು ಉಪಯುಕ್ತ. ನಡುವಿನ ಪಟ್ಟಿಯಲ್ಲಿ ಬೆಳೆ ಇಡಬಹುದು. ಆದರೆ ಮನೆ, ದನದ ಕೊಟ್ಟಿಗೆ, ಮೇವಿನ ಬಣವೆ, ಕಾಳಿನ ಹಗೇವು ಅಲ್ಲಿ ಬೇಡ. ಪಂಪ್‌ಸೆಟ್ಟಿನ ಸ್ಟಾರ್ಟರನ್ನು ಎತ್ತರದಲ್ಲಿ ಕೂರಿಸಬೇಕು.

ಹಿಂದಿನ ನೆರೆಯ ನೀರು ಗುಡಿ, ಶಾಲೆಗಳ ಗೋಡೆಯಲ್ಲಿ ಎಲ್ಲಿಯವರೆಗೆ ಏರಿತ್ತೆಂದು ಇಸವಿ ಸಹಿತ ಬಣ್ಣದಿಂದ ಗುರುತು ಮಾಡಿರಿ. ಸರ್ವೆಗೆ ಬಂದವರಿಗೆ ಅದನ್ನು ತೋರಿಸಿರಿ. ನಕ್ಷೆಯನ್ನು ತಾಳೆ ನೋಡಲು ಅದು ಒಳ್ಳೆಯ ಆಧಾರ. ಗೆರೆ ಎಷ್ಟು ಅಡಿ ಹೆಚ್ಚುಕಡಿಮೆಯಾದೀತೆಂದೂ ಅವರನ್ನು ತಪ್ಪದೆ ಕೇಳಿರಿ.