ವೇಬ್ರಿಡ್ಜ್ ಮೇಲೆ ಆನೆ

ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಲ್ಲಿ ಪೂಜೆ ಮುಗಿಸಿ ದಸರೆಯ ಗಜಪಡೆ ಮೈಸೂರಿಗೆ ಬಂತೆಂದರೆ ಮೊದಮೊದಲ ಕೆಲಸಗಳಲ್ಲಿ ತೂಕವೂ ಒಂದು. ಧನ್ವಂತರಿ ರಸ್ತೆಯಲ್ಲಿ ಲಾರಿ ತೂಗುವ ವೇಬ್ರಿಡ್ಜ್ ಮೇಲೆ ಆನೆ ನಿಲ್ಲುತ್ತದೆ, ಮರುದಿನ ಪತ್ರಿಕೆಗಳಲ್ಲಿ ಅಂಕಿ ಅಚ್ಚಾಗುತ್ತದೆ. ಮತ್ತಿಗೋಡು ಶಿಬಿರದ ಅಭಿಮನ್ಯು 2024ರಲ್ಲಿ 5,560 ಕೆ.ಜಿ. ತೂಗಿದ್ದ, 2025ರಲ್ಲಿ 5,360. ಇಳಿಯಿತಲ್ಲ ಎಂದು ಮರುಗಬೇಕಾಗಿಲ್ಲ. ಬಾಯಾರಿದ ಆನೆ ಒಂದೇ ಸಲಕ್ಕೆ ನೂರು ಲೀಟರ್ ನೀರು ಹೀರಬಲ್ಲದು, ಅಷ್ಟರಿಂದಲೇ ತೂಕ ನೂರು ಕಿಲೋ ಆಚೀಚೆ ಆಗುತ್ತದೆ.

ಆನೆ ಮೆಲುಕು ಹಾಕುವ ಪ್ರಾಣಿಯಲ್ಲ. ಕುದುರೆಯ ಹಾಗೆ ಇದಕ್ಕೂ ಹುಲ್ಲು ಹುದುಗುವುದು ಕರುಳಿನ ಹಿಂಭಾಗದಲ್ಲಿ. ತಿಂದದ್ದರಲ್ಲಿ ಅರ್ಧದಷ್ಟೂ ಅರಗುವುದಿಲ್ಲ. ಲದ್ದಿ ಬಿಡಿಸಿದರೆ ನಾರು ನಾರಾಗಿಯೇ ಇರುತ್ತದೆ. ಹಾಗಾಗಿ ದಿನದ ಬಹುಪಾಲು ಮೇಯುತ್ತ ನಡೆಯುತ್ತಲೇ ಇರಬೇಕಾದ ಮೈ ಅದು. ಒಣ ಬಯಲಿಗೆ ಒಗ್ಗಿದ ತಟ್ಟುಗುದುರೆಯನ್ನು ಸೊಂಪಾದ ಹುಲ್ಲಿಗೆ ಬಿಟ್ಟರೆ ಬೊಜ್ಜು ಬಂದು, ಗೊರಸಿನೊಳಗೆ ಉರಿಯೂತವಾಗಿ ಕುಂಟುತ್ತದೆ. ಆನೆಗೂ ಹೆಚ್ಚಾದ ಭಾರ ಮೊದಲು ಕಾಡುವುದು ಪಾದ, ಕೀಲುಗಳಲ್ಲೇ.

ದಸರೆಯ ಊಟ ನೋಡಿ. ಭತ್ತದ ಹುಲ್ಲಿನ ನಡುವೆ ಭತ್ತ, ಬೆಲ್ಲ, ತೆಂಗಿನಕಾಯಿ, ಕಡಲೆಕಾಯಿ ಹಿಂಡಿ ಇಟ್ಟು ಬಿಗಿಯಾಗಿ ಸುತ್ತಿದ ಕುಸುರೆ. ಅದರ ಜೊತೆಗೆ ಹೆಸರುಕಾಳು, ಉದ್ದು, ಗೋಧಿ, ಕುಸುಬಲಕ್ಕಿ, ತರಕಾರಿ ಬೇಯಿಸಿ ಬೆಣ್ಣೆ ಹಾಕಿದ ಉಂಡೆ. ಹಬ್ಬ ಮುಗಿಯುವಷ್ಟರಲ್ಲಿ ನೂರಾರು ಕಿಲೋ ಏರುವುದು ಮಾಮೂಲು. 750 ಕೆ.ಜಿ. ಅಂಬಾರಿ ಹೊತ್ತು ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು 5 ಕಿ.ಮೀ. ನಡೆಯಬೇಕು, ಅದಕ್ಕೂ ಮುಂಚೆ ಮರಳುಮೂಟೆ ಹೊರುವ ತಾಲೀಮು. ದುಡಿಮೆಗೆ ತಕ್ಕ ಊಟ ಎನ್ನಬಹುದು. ನನ್ನ ತಕರಾರಿರುವುದು, ಏರಿದ ಕಿಲೋಗಳನ್ನೇ ಆರೋಗ್ಯವೆಂದು ಕೊಂಡಾಡುವುದರ ಬಗ್ಗೆ.

ಶಿಬಿರಕ್ಕೆ ಮರಳಿದ ಮೇಲೆ ಲೆಕ್ಕ ಬದಲಾಗುತ್ತದೆ. ಮತ್ತಿಗೋಡಿನಲ್ಲಾಗಲಿ ಎಚ್.ಡಿ. ಕೋಟೆಯ ಬಳ್ಳೆಯಲ್ಲಾಗಲಿ, ಕೆಲಸವಿಲ್ಲದ ಆನೆಯನ್ನು ರಾತ್ರಿ ಕಾಡಿನಲ್ಲಿ ಮೇಯಲು ಬಿಡುತ್ತಾರೆ. ಕಾಲಿನ ಸರಪಳಿ ನೆಲದಲ್ಲಿ ಗೀರಿದ ಜಾಡು ಹಿಡಿದು ಬೆಳಿಗ್ಗೆ ಮಾವುತ, ಕಾವಾಡಿಗಳು ಹುಡುಕಿ ತರುತ್ತಾರೆ; ಅವರಲ್ಲಿ ಬಹಳಷ್ಟು ಮಂದಿ ಜೇನುಕುರುಬರು. ಬಿದಿರು, ಹುಲ್ಲು, ತೊಗಟೆ ಹುಡುಕಿಕೊಂಡು ಅಲೆಯುವ ಆ ರಾತ್ರಿಯೇ ಬೊಜ್ಜಿಗೆ ಮದ್ದು. ಥಾಯ್ಲೆಂಡಿನ ಚಿಯಾಂಗ್ ಮಾಯ್ ಸುತ್ತಿನ ಪ್ರವಾಸಿ ಶಿಬಿರಗಳಲ್ಲಿ ರಕ್ತ ಪರೀಕ್ಷಿಸಿ ನೋಡಿದಾಗ, ಬಾಳೆಹಣ್ಣು, ಕಬ್ಬು ಹೆಚ್ಚು ತಿನ್ನುವ ಆನೆಗಳ ಇನ್ಸುಲಿನ್ ಏರುಪೇರಾಗಿತ್ತು. ನಡೆದು ದುಡಿಯುವ ಆನೆಗಳ ಮೈ ವಾಸಿಯಾಗಿತ್ತು. ಬಾಳೆಗೊನೆ ಹಿಡಿದು ಆನೆ ನೋಡಲು ಹೋಗುವ ನಮ್ಮ ಭಕ್ತರಿಗೆ ಇದನ್ನು ಯಾರು ಹೇಳಬೇಕೋ!

ಕಾಡಿನಲ್ಲಿ ವೇಬ್ರಿಡ್ಜ್ ಇರುವುದಿಲ್ಲ, ಮೈಯನ್ನೇ ಓದಬೇಕು. ಪಕ್ಕೆಲುಬು ಎಣಿಸುವಂತಿದ್ದರೆ ಸೊರಗಿದೆ. ಕಣ್ಣಿನ ಮೇಲಿನ ಗುಳಿ ಮುದಿ ಆನೆಯಲ್ಲಿ ಹೇಗೂ ಆಳವಾಗುವುದರಿಂದ ಅದೊಂದನ್ನೇ ನಂಬಬಾರದು. ಹಿಂದಿನಿಂದ ನೋಡಿದಾಗ ಬೆನ್ನುಮೂಳೆಯ ಏಣು, ಸೊಂಟದ ಮೂಳೆ ಎರಡೂ ಮಾಂಸದಲ್ಲಿ ಹುದುಗಿಹೋಗಿದ್ದರೆ ಕೊಬ್ಬಿದೆ ಎಂದರ್ಥ. ಹೆಣ್ಣಾನೆಯಾದರೆ ಗರ್ಭ ಕಟ್ಟುವುದಕ್ಕೂ ಅದು ತೊಡಕು. ಆಗ ಕಡಿಮೆ ಮಾಡಬೇಕಾದದ್ದು ಬೆಲ್ಲ, ಭತ್ತ, ಹಿಂಡಿಯನ್ನು; ಹಸಿ ಮೇವನ್ನಲ್ಲ.